ಅಜ್ಜಿಯ ಹೆಂಟೆ ಕರಗಲಿಲ್ಲ

ನವೆಂಬರ್‌ನ ಒಂದು ಶನಿವಾರ ನಸುಕಿಗೇ ಮೈಸೂರು ಬಿಟ್ಟೆವು. ಎಂಟನೇ ಕ್ಲಾಸಿನ 22 ಮಕ್ಕಳು, ಇಬ್ಬರು ಮೇಷ್ಟ್ರು. ಯಳಂದೂರಲ್ಲಿ ಇಡ್ಲಿ ತಿಂದು ಗುಂಬಳ್ಳಿ ಚೆಕ್‌ಪೋಸ್ಟ್ ದಾಟಿದೆವು. ಬಿಳಿಗಿರಿರಂಗನ ಬೆಟ್ಟಕ್ಕೆ ಜನ ರಂಗನಾಥನನ್ನು ನೋಡಲು ಬರುತ್ತಾರೆ. ನಾವು ಮಣ್ಣು ನೋಡಲು ಬಂದಿದ್ದೆವು.

ಈ ಬೆಟ್ಟದ ಆದಿವಾಸಿಗಳಾದ ಸೋಲಿಗರ ಪೋಡಿನಲ್ಲಿ, ಅಂದರೆ ಹಾಡಿಯಲ್ಲಿ, ಅಜ್ಜಿಯೊಬ್ಬರು ಕಾಯುತ್ತಿದ್ದರು. ದೂರದಿಂದ ಅವರದು ಸುಮ್ನೆ ರಾಗಿ ಹೊಲ. ಒಳಗೆ ಕಾಲಿಟ್ಟರೆ ಅವರೆ, ಕೀರೆ, ಮುಸುಕಿನ ಜೋಳದ ಒಣ ದಂಟು, ಕಾಲಿಗೆ ತೊಡರುವ ಕುಂಬಳದ ಬಳ್ಳಿ. ಯಾಕಜ್ಜಿ ಎಲ್ಲ ಒಟ್ಟಿಗೆ ಅಂದಳು ಒಬ್ಬ ಹುಡುಗಿ. "ರಾಗಿ ಕೈಕೊಟ್ರೆ ಅವರೆ ಅದೆ ಕಣವ್ವ."

ಒಂದು ಅವರೆ ಗಿಡ ಕಿತ್ತೆವು. ಬೇರಿನ ಗಂಟನ್ನು ಉಗುರಲ್ಲಿ ಸೀಳಿದರೆ ಒಳಗೆ ಗುಲಾಬಿ ಬಣ್ಣ. ಗಾಳಿಯ ಸಾರಜನಕವನ್ನು ಗಿಡಕ್ಕೆ ಉಣಿಸುವ ಬ್ಯಾಕ್ಟೀರಿಯಾ ಅಲ್ಲಿ ಕೆಲಸ ಮಾಡುತ್ತಿದೆ ಎಂಬುದಕ್ಕೆ ಅದೇ ಗುರುತು.

ಆಮೇಲೆ ಲೋಟದ ಪರೀಕ್ಷೆ. ದಿನಾ ಗುಡಿಸಿ ಬೋಳು ಮಾಡುವ ನಮ್ಮ ಶಾಲೆಯ ತೋಟದ ಒಣ ಹೆಂಟೆ ಒಂದು. ಅಜ್ಜಿ ವಾರದ ಮೊದಲೇ ಒಣಗಿಸಿಟ್ಟ ಹೆಂಟೆ ಇನ್ನೊಂದು. ಎರಡನ್ನೂ ಟೀ ಸೋಸುವ ಜಾಲರಿಯಲ್ಲಿಟ್ಟು ನೀರಿಗಿಳಿಸಿದೆವು. ನಮ್ಮದು ಒಂದೇ ನಿಮಿಷಕ್ಕೆ ಕುಸಿದು ನೀರೆಲ್ಲ ರಾಡಿ. ಅಜ್ಜಿಯದು ಗುಳುಗುಳು ಗುಳ್ಳೆ ಬಿಟ್ಟು ಹಾಗೇ ಕೂತಿತು. ಬೇರು, ಶಿಲೀಂಧ್ರದ ಎಳೆ, ಕೊಳೆತ ಸೊಪ್ಪು ಸೇರಿ ಕಣಗಳನ್ನು ಅಂಟಿಸಿರುತ್ತವೆ. ಆ ಅಂಟಿಲ್ಲದ ನೆಲದಲ್ಲಿ ಮಳೆ ಬಿದ್ದರೆ ರಂಧ್ರ ಮುಚ್ಚಿಹೋಗುತ್ತದೆ. ನೀರು ಇಂಗದೆ ಮಣ್ಣನ್ನೂ ಹೊತ್ತು ಹರಿಯುತ್ತದೆ.

ನಾವು ಲೋಟ ತೆಗೆಯುವ ಮುಂಚೆಯೇ ಅಜ್ಜಿ ನಮ್ಮ ಹೆಂಟೆ ಮೂಸಿ, "ಇದ್ರಲ್ಲಿ ಉಸಿರಿಲ್ಲ" ಅಂದಿದ್ದರು. ಮಕ್ಕಳೂ ಸಾಲಾಗಿ ಮೂಸಿದರು. ಅಜ್ಜಿಯ ಮಣ್ಣಲ್ಲಿ ಮೊದಲ ಮಳೆಯ ವಾಸನೆ! ಮಣ್ಣಿನ ಸೂಕ್ಷ್ಮಜೀವಿಗಳು ಮಾಡುವ ಜಿಯೋಸ್ಮಿನ್‌ನ ವಾಸನೆ ಅದು. ಆ ಹೆಸರನ್ನು ನಾನು ಎಷ್ಟೋ ಸಲ ಬೋರ್ಡ್ ಮೇಲೆ ಬರೆದಿದ್ದೇನೆ. ಮೂಸಿಸಿದ್ದು ಇದೇ ಮೊದಲು.

ಹಿಂದೆ ಸೋಲಿಗರು ಕೆಲವು ವರ್ಷ ಬೆಳೆದು, ನೆಲವನ್ನು ಬೀಳು ಬಿಟ್ಟು ಬೇರೆ ಕಡೆ ಹೋಗುತ್ತಿದ್ದರು. 1974ರಲ್ಲಿ ಅಭಯಾರಣ್ಯವಾದ ಮೇಲೆ ಅದು ನಿಂತಿತು. ಕಾಡಿನ ಮೇಲಿನ ಸಮುದಾಯದ ಹಕ್ಕು ಕೈಗೆ ಬಂದಿದ್ದು 2011ರಲ್ಲಿ. ನೆಲಕ್ಕೆ ಬಿಡುವು ಕೊಡಬೇಕು ಅಂತ ತಿಳಿದವರನ್ನು ನಾವು ಇಷ್ಟು ತಡವಾಗಿ ಕೇಳುತ್ತಿದ್ದೇವಲ್ಲ, ಬೇಜಾರಾಗುತ್ತದೆ.

ಹೊರಡುವಾಗ ಅಜ್ಜಿ ಅವರೆ ಬೀಜದ ಗಂಟು ಕೊಟ್ಟರು. "ಇದ ಹಾಕಿ. ಸೊಪ್ಪು ಅಲ್ಲೇ ಬುಡಿ, ಗುಡಿಸ್ಬೇಡಿ. ಮೂರು ಮಳೆಗಾಲ ಬೇಕು."

ಘಾಟಿ ಇಳಿಯುವಾಗ ಹಿಂದಿನ ಸೀಟಿನಲ್ಲಿ ಲೆಕ್ಕ ಶುರುವಾಯಿತು. "ಅಷ್ಟೊತ್ತಿಗೆ ನಾವು ಸ್ಕೂಲ್ ಬಿಟ್ಟಿರ್ತೀವಿ ಸಾರ್. ಸೋಮವಾರವೇ ಆರನೇ ಕ್ಲಾಸಿನವರನ್ನು ಸೇರಿಸ್ಕೊಳ್ಳೋಣ."