ಕೂಪಿಗೂ ವಯಸ್ಸಾಗುತ್ತೆ

26 ಅಕ್ಟೋಬರ್ 2025, ಭಾನುವಾರ ರಾತ್ರಿ
ಫಾರೆಸ್ಟ್ ಗ್ರೋವ್, ಆರೆಗನ್

ಬೂಟು ಇನ್ನೂ ಬಾಗಿಲ ಹೊರಗೇ ಇದೆ. ಕೆಸರು ತೊಳೆಯೋಕೆ ಮನಸ್ಸಿಲ್ಲ. ಬೆಳಿಗ್ಗೆಯಿಂದ ಮಳೆ ಬಿಟ್ಟಿಲ್ಲ.

ಅಜ್ಜ ಇವತ್ತು ಟ್ರಕ್ಕಿನಿಂದ ಇಳಿಯಲಿಲ್ಲ. ವಿಷಯ ಇಷ್ಟೇ. ಆದರೆ ಬರೆಯದೆ ನಿದ್ದೆ ಬರುವ ಹಾಗೆ ಕಾಣುತ್ತಿಲ್ಲ.

ಪಕ್ಕದ ಮನೆಯ ಅಜ್ಜನ ವಿಷಯ ಇಲ್ಲಿ ಎಷ್ಟು ಸಲ ಬರೆದಿದ್ದೇನೋ. ನನಗೆ ಕೋವಿ ಹಿಡಿಯೋದು ಕಲಿಸಿದವರು. ಅದಕ್ಕಿಂತ ಮುಂಚೆ, ಕೋವಿ ಇಲ್ಲದೆ ಸುಮ್ನೆ ಕೂತು ನೋಡೋದು ಕಲಿಸಿದವರು. ಈಗ 79. ಮಂಡಿ ಹೋಗಿದೆ, ಹೋದ ಚಳಿಗಾಲದಿಂದ ಉಸಿರೂ ಸ್ವಲ್ಪ ಕಷ್ಟ.

ಬೆಳಿಗ್ಗೆ ಐದೂವರೆಗೆ ಜಿಂಕೆ ಶಿಕಾರಿಗೆ ಹೊರಟೆವು. ಹೈವೇ 6 ಹಿಡಿದು, ಗುಡ್ಡ ಹತ್ತಿಳಿದು, ವಿಲ್ಸನ್ ಹೊಳೆ ಸಿಕ್ಕಿದ ಮೇಲೆ ಎಡಕ್ಕೆ ಜಲ್ಲಿ ರಸ್ತೆ. ಟಿಲ್ಲಮೂಕ್ ಸರ್ಕಾರಿ ಕಾಡು. ಅಲ್ಲೇ ನಮ್ಮ ಕೂಪು.

ನಮ್ಮೂರ ಕಡೆ ಫಾರೆಸ್ಟಿನವರು ಮರ ಕಡಿಸುವ ಜಾಗಕ್ಕೆ ಕೂಪು ಅಂತಾರೆ. ಇಲ್ಲಿಯವರು ಕ್ಲಿಯರ್‌ಕಟ್ ಅಂತಾರೆ. ಇಷ್ಟು ವರ್ಷ ಆದರೂ ನನ್ನ ಬಾಯಿಗೆ ಕೂಪು ಅನ್ನೋದೇ ಮೊದಲು ಬರುತ್ತೆ. ಒಮ್ಮೆ ಅಜ್ಜನ ಎದುರಿಗೂ ಹಾಗೇ ಅಂದುಬಿಟ್ಟಿದ್ದೆ. ಈಗ ಅವರೂ "ಕೂಪ್" ಅಂತಾರೆ.

2017ರಲ್ಲಿ ಮೊದಲ ಸಲ ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ಆಗ ಡಗ್ಲಸ್ ಫರ್ ಸಸಿಗಳು ನನ್ನ ಮೊಣಕಾಲಿನಿಂದ ಸೊಂಟದವರೆಗೆ ಇದ್ದವು. ನಡುವೆ ಎಲ್ಲಾ ಕಡೆ ಬ್ಲ್ಯಾಕ್‌ಬೆರಿ ಬಳ್ಳಿ, ಜರಿಗಿಡ, ನೇರಳೆ ಹೂವಿನ ಫೈರ್‌ವೀಡ್. ಕೂಪಿನ ಮಧ್ಯೆ ಒಂದು ಹಳೇ ಬೊಡ್ಡೆ. ಇಬ್ಬರು ಆರಾಮಾಗಿ ಕೂರುವಷ್ಟು ದೊಡ್ಡದು. ಒಂದು ಪಕ್ಕ ಪೂರ್ತಿ ಇದ್ದಿಲಾಗಿದೆ, ಬೆರಳು ಉಜ್ಜಿದರೆ ಇವತ್ತಿಗೂ ಕಪ್ಪು ಹತ್ತುತ್ತೆ. 1933ರಲ್ಲಿ ಈ ಕಾಡಿಗೆ ದೊಡ್ಡ ಬೆಂಕಿ ಬಿದ್ದಿತ್ತು. ಆಮೇಲೆ 1939, 1945, 1951. ಲೆಕ್ಕ ಹಾಕಿಟ್ಟ ಹಾಗೆ ಆರಾರು ವರ್ಷಕ್ಕೊಂದು. ಒಟ್ಟು ಮೂರೂವರೆ ಲಕ್ಷ ಎಕರೆ ಸುಟ್ಟಿತು. ಆ ಬೊಡ್ಡೆ ಬೆಂಕಿಗಿಂತ ಮುಂಚಿನ ಮರದ್ದು ಅಂತ ಅಜ್ಜ ಹೇಳ್ತಾರೆ. 1949ರಿಂದ ಸಸಿ ನೆಡೋಕೆ ಶುರು ಮಾಡಿದರು. ಜನ ಕೈಯಾರೆ ನೆಟ್ಟಿದ್ದೇ 7 ಕೋಟಿಗೂ ಜಾಸ್ತಿ. ಶಾಲೆ ಮಕ್ಕಳನ್ನೂ ಬಸ್ಸಿನಲ್ಲಿ ಕರೆತಂದು ನೆಡಿಸಿದ್ದರು. ಆ ಮಕ್ಕಳಲ್ಲಿ ಅಜ್ಜನೂ ಒಬ್ಬರು. ಮುಂದೆ ದೊಡ್ಡವರಾಗಿ ಮರ ಕಡಿಯುವ ಕೆಲಸಕ್ಕೇ ಸೇರಿದರು. ನೆಟ್ಟಿದ್ದೂ ಅದೇ ಕೈ, ಕಡಿದಿದ್ದೂ ಅದೇ ಕೈ. ಅದನ್ನ ಹೇಳುವಾಗ ಅವರ ದನಿಯಲ್ಲಿ ಬೇಸರವೂ ಇರಲ್ಲ, ಜಂಬವೂ ಇರಲ್ಲ.

ಇವತ್ತು ಆ ಬೊಡ್ಡೆ ಹತ್ತಿ ನಿಂತರೆ ಏನೂ ಕಾಣಲಿಲ್ಲ. ಏನೂ ಅಂದರೆ ಏನೂ ಇಲ್ಲ. ಫರ್ ಗಿಡಗಳು ನನ್ನ ಮೂರರಷ್ಟು ಎತ್ತರ ಆಗಿವೆ. ಕೊಂಬೆಗೆ ಕೊಂಬೆ ತಾಗಿ ಗೋಡೆ ಕಟ್ಟಿದ ಹಾಗಿದೆ. ಬಗ್ಗಿ ಒಳಗೆ ನೋಡಿದರೆ ನೆಲದಲ್ಲಿ ಬರೀ ಒಣಗಿದ ಸೂಜಿ ಎಲೆ. ಬ್ಲ್ಯಾಕ್‌ಬೆರಿ ಬಳ್ಳಿ ಬಿಸಿಲಿಲ್ಲದೆ ಬಿಳಚಿಕೊಂಡಿದೆ. ಹಿಕ್ಕೆ ಹುಡುಕಿದೆ, ಸಿಗಲಿಲ್ಲ. ಹೋದ ವರ್ಷವೇ ಗೊತ್ತಾಗಬೇಕಿತ್ತು. ಗೊತ್ತಾಗಿತ್ತೂ ಅನ್ಸುತ್ತೆ. ಇಬ್ಬರೂ ಬಾಯಿ ಬಿಟ್ಟಿರಲಿಲ್ಲ.

ವಾಪಸ್ ಬಂದು ಟ್ರಕ್ಕಿನ ಕಿಟಕಿ ಹತ್ತಿರ ನಿಂತೆ. ಅಜ್ಜ ಗಾಜು ಇಳಿಸಿ, ರಸ್ತೆ ಪಕ್ಕದ ಒಂದು ಗಿಡ ತೋರಿಸಿ, "ಎಣಿಸು" ಅಂದರು.

ಡಗ್ಲಸ್ ಫರ್ ವರ್ಷಕ್ಕೊಂದು ಸುತ್ತು ಕೊಂಬೆ ಬಿಡುತ್ತೆ. ಕಾಂಡದ ಸುತ್ತ ಛತ್ರಿ ಕಡ್ಡಿ ಬಿಚ್ಚಿದ ಹಾಗೆ. ಸುತ್ತುಗಳ ಮಧ್ಯೆ ಸಣ್ಣಪುಟ್ಟ ರೆಂಬೆ ಇರುತ್ತವೆ, ಅವನ್ನು ಲೆಕ್ಕಕ್ಕೆ ಹಿಡಿಯಬಾರದು. ಕೆಳಗಿನಿಂದ ಬೆರಳಿಟ್ಟು ಎಣಿಸಿದೆ. ಮೇಲಿನದು ಕೈಗೆ ಎಟುಕಲಿಲ್ಲ, ಕಣ್ಣಲ್ಲೇ ಎಣಿಸಿದೆ. ಹನ್ನೊಂದು.

"ಅಷ್ಟೇ ಮತ್ತೆ" ಅಂದರು ಅಜ್ಜ. "ಮೂರಕ್ಕೆ ಶುರು, ಹತ್ತಕ್ಕೆ ಮುಗೀತು. ಒಳ್ಳೆ ಕೂಪಿನ ಆಯಸ್ಸು ನಾಯಿಗಿಂತ ಕಮ್ಮಿ."

ಅದು ನಿಜ. ಕಡಿದ ಮೊದಲ ವರ್ಷ ಕೂಪು ಬರೀ ಮಣ್ಣು ಮತ್ತು ಸೊಪ್ಪುಸದೆ. ಎರಡು ವರ್ಷದೊಳಗೆ ಸಸಿ ಮತ್ತೆ ನೆಡಬೇಕು ಅಂತ ಇಲ್ಲಿ ಕಾನೂನೇ ಇದೆ. ಮೂರನೇ ವರ್ಷಕ್ಕೆ ಬಿಸಿಲು ಕಂಡ ನೆಲ ಪೂರ್ತಿ ಚಿಗುರುತ್ತೆ. ಆಗ ಬ್ಲ್ಯಾಕ್‌ಟೇಲ್ ಜಿಂಕೆ ಬರುತ್ತೆ. ಅದು ಬರೀ ಹುಲ್ಲು ತಿಂದು ಬದುಕುವ ಪ್ರಾಣಿ ಅಲ್ಲ. ಅದಕ್ಕೆ ಬಳ್ಳಿ, ಕುಡಿ, ಎಳೆ ಎಲೆ ಬೇಕು. ಫರ್ ಮರ ಬೆಳೆದು ಮುಚ್ಚಿಕೊಂಡರೆ ಅದೆಲ್ಲ ಸಾಯುತ್ತೆ. ಜಿಂಕೆ ಮಲಗೋಕೆ ಅಲ್ಲಿಗೆ ಬರಬಹುದು, ಮೇಯೋಕೆ ಬರಲ್ಲ.

ನನ್ನ ಅಜ್ಜನೂ, ಅಂದರೆ ಅಮ್ಮನ ಅಪ್ಪನೂ, ಇದೇ ಮಾತು ಹೇಳುತ್ತಿದ್ದ. ಕೂಪಿನ ಹಕ್ಕಲಿಗೆ ಮೊದಲ ಮಳೆ ಬಿದ್ದ ಮೇಲೆ ಕಡವೆ ಬಂದೇ ಬರುತ್ತೆ ಅಂತ. ಮರಸು ಕೂತು ಕಾಯುತ್ತಿದ್ದ ಕಾಲದವನು ಅವನು. 1972ರ ಕಾಯ್ದೆ ಬಂದ ಮೇಲೆ ಶಿಕಾರಿ ನಿಂತಿತು. ಕೋವಿ ಮಾತ್ರ ಬೆಳೆ ರಕ್ಷಣೆ ಲೈಸೆನ್ಸಿನಲ್ಲಿ ಗೋಡೆಗೆ ತೂಗಿತ್ತು. ಎಲೆಕ್ಷನ್ ಬಂದಾಗೆಲ್ಲ ಸ್ಟೇಷನ್ನಿಗೆ ಒಪ್ಪಿಸಿ ಬರುತ್ತಿದ್ದ. ನಾನು ನೋಡುವಾಗ ಅವನ ಹತ್ತಿರ ಉಳಿದಿದ್ದು ಮಾತು ಮಾತ್ರ. ಎಲ್ಲಿ ಕೂರಬೇಕು, ಗಾಳಿ ಎತ್ತ ಬೀಸಬೇಕು, ಯಾವ ಹಳುವಿನಿಂದ ಹೊರಗೆ ಬರುತ್ತೆ. ಆಗ ಕತೆ ಕೇಳಿದ ಹಾಗೆ ಕೇಳುತ್ತಿದ್ದೆ. ಪಾಠ ಅಂತ ತಿಳಿದಿರಲಿಲ್ಲ.

ಎಂಟು ಗಂಟೆಗೆ ಹೊಸ ಜಾಗ ಹುಡುಕೋಕೆ ಹೊರಟೆವು. ಸೀಸನ್ ಮುಗಿಯೋಕೆ ಇನ್ನು ಎರಡು ವಾರವೂ ಇಲ್ಲ.

ನಾನು ಮನೆಯಲ್ಲೇ ಫೋನಿನಲ್ಲಿ ಸ್ಯಾಟಲೈಟ್ ಚಿತ್ರ ನೋಡಿ ಐದು ಜಾಗ ಗುರುತು ಮಾಡಿಟ್ಟಿದ್ದೆ. ಕಂದು ಬಣ್ಣ ಇದ್ದರೆ ಈಗಷ್ಟೇ ಕಡಿದದ್ದು, ತಿಳಿಹಸಿರು ಇದ್ದರೆ ನಮಗೆ ಬೇಕಾದದ್ದು, ಕಡುಹಸಿರು ಇದ್ದರೆ ಬಿಟ್ಟುಬಿಡು. ಅಷ್ಟು ಸುಲಭ ಅಂದುಕೊಂಡಿದ್ದೆ. ಮೊದಲು ತೋರಿಸಿದ್ದು ದೊಡ್ಡದು, ಒಂದೇ ಸಮ ಇಳಿಜಾರು, ಒಂದು ಮೂಲೆಯಲ್ಲಿ ನಿಂತರೆ ಇಡೀ ಗುಡ್ಡ ಕಾಣುತ್ತೆ. ನನಗೆ ಖುಷಿಯಾಗಿತ್ತು.

"ಇದು ನಿನಗೆ ಚೆನ್ನಾಗಿದೆ. ಜಿಂಕೆಗೆ ಚೆನ್ನಾಗಿಲ್ಲ" ಅಂದರು.

ಯಾಕೆ ಅಂತ ಕೇಳಿದೆ. ದುರ್ಬೀನು ನನ್ನ ಕೈಗೆ ಕೊಟ್ಟು, ಗುಡ್ಡದ ಮಧ್ಯೆ ನಿಂತು ಅಂಚಿನ ಮರಕ್ಕೆ ಎಷ್ಟು ಹೆಜ್ಜೆ ಲೆಕ್ಕ ಹಾಕು ಅಂದರು. ಮುನ್ನೂರಾದರೂ ಇರಬಹುದು. ಬ್ಲ್ಯಾಕ್‌ಟೇಲ್ ಹೋರಿ, ಅಂದರೆ ಗಂಡು ಜಿಂಕೆ, ಅದರಲ್ಲೂ ವಯಸ್ಸಾದದ್ದು, ಹಗಲು ಹೊತ್ತಿನಲ್ಲಿ ಅಷ್ಟು ದೂರ ಬಯಲಿಗೆ ಬರಲ್ಲ. ಮಲಗುವ ಜಾಗದಿಂದ ಎರಡು ನೆಗೆತಕ್ಕೆ ಮೇವು ಸಿಗಬೇಕು. ಆದ್ದರಿಂದ ಕೂಪು ಎಷ್ಟು ಎಕರೆ ಅನ್ನೋದು ಮುಖ್ಯ ಅಲ್ಲ, ಅಂಚು ಎಷ್ಟು ಉದ್ದ ಅನ್ನೋದು ಮುಖ್ಯ. ಅಂಕುಡೊಂಕು ಇರಬೇಕು. ನಡುವೆ ಹಳ್ಳ ಇದ್ದು, ಹಳ್ಳದ ಪಕ್ಕ ಮರ ಬಿಟ್ಟಿದ್ದರೆ ಇನ್ನೂ ಒಳ್ಳೆಯದು. ಪಕ್ಕದಲ್ಲೇ ಹತ್ತು ಹದಿನೈದು ವರ್ಷದ ಹಳೇ ಕೂಪು ಇದ್ದರಂತೂ ಬೇರೇನೂ ಬೇಡ. ಇಲ್ಲಿ ಊಟ, ಅಲ್ಲಿ ನಿದ್ದೆ.

ಎರಡನೆಯದು ಖಾಸಗಿ ಕಂಪನಿ ಜಾಗದ ಗಡಿಗೆ ಇತ್ತು. ಬೇಲಿ ಈಚೆಯಿಂದಲೇ ನೋಡಿದೆವು. ಅವರ ಕಡೆ ಫರ್ ಸಸಿ ಬಿಟ್ಟು ಬೇರೆ ಯಾವ ಗಿಡವೂ ಇಲ್ಲ. ಸಸಿಗೆ ಪೈಪೋಟಿ ಬೇಡ ಅಂತ ಕಳೆನಾಶಕ ಹೊಡೆಸುತ್ತಾರೆ. ಸಾಲು ಸಾಲಾಗಿ ಸಸಿ, ಮಧ್ಯೆ ಬೂದುಬಣ್ಣದ ಕಡ್ಡಿಗಳು. ಹಕ್ಕಿ ಸದ್ದೂ ಕಮ್ಮಿ ಅನ್ನಿಸಿತು. ಮಳೆಗೆ ಹಾಗೆ ಅನ್ನಿಸಿತೋ ಏನೋ. ಅಜ್ಜ ನಿಲ್ಲಿಸಲೇ ಇಲ್ಲ, ಗೇರ್ ಹಾಕಿ ಹೊರಟರು.

ಮಧ್ಯೆ ಅಮ್ಮನ ಫೋನು. ದೊಡ್ಡಹಬ್ಬ ಮುಗಿದು ಮನೆ ಖಾಲಿ ಆಗಿದೆ, ಎಲ್ಲರೂ ಹೊರಟುಹೋದರು, ಬೇಜಾರು. ಎಲ್ಲಿದ್ದೀಯೋ ಅಂದಳು. ಕಾಡಲ್ಲಿ ಅಂದೆ. "ಫಾರೆಸ್ಟಿನವರು ಹಿಡಿದರೆ ಏನೋ ಮಾಡ್ತಿ?" ಪ್ರತಿ ವರ್ಷ ಕೇಳ್ತಾಳೆ. ಲೈಸೆನ್ಸ್ ಇದೆ ಅಮ್ಮ, ಟ್ಯಾಗ್ ಇದೆ, ಒಂದೇ ಒಂದು ಹೋರಿಗೆ, ಸೂರ್ಯ ಹುಟ್ಟೋಕೆ ಅರ್ಧ ಗಂಟೆ ಮುಂಚಿನಿಂದ ಮುಳುಗಿದ ಅರ್ಧ ಗಂಟೆವರೆಗೆ ಅಷ್ಟೇ, ಹೊಡೆದ ತಕ್ಷಣ ಟ್ಯಾಗ್ ಹಾಕಬೇಕು. ಪ್ರತಿ ವರ್ಷ ಹೇಳ್ತೀನಿ. "ನಿನ್ನ ಅಜ್ಜನೇ ಹುಟ್ಟಿ ಬಂದ ನೋಡು" ಅಂದಳು. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಸಿಗ್ನಲ್ ಹೋಯಿತು.

ಮೂರನೆಯದು ಚೆನ್ನಾಗಿದೆ. ಇದನ್ನ ಸ್ವಲ್ಪ ಬಿಡಿಸಿ ಬರೀತೀನಿ.

ಹಳದಿ ಗೇಟಿನಿಂದ ಮುಕ್ಕಾಲು ಮೈಲಿ ನಡೆಯಬೇಕು. ಗೇಟಿನಾಚೆ ವಾಹನ ಬಿಡಲ್ಲ. ಅಜ್ಜ ಟ್ರಕ್ಕಿನಲ್ಲೇ ಕೂತರು. "ಹೋಗಿ ನೋಡಿ ಬಾ. ಬಂದು ನನಗೆ ಹೇಳು" ಅಂದರು. ಇಷ್ಟು ವರ್ಷದಲ್ಲಿ ಹೊಸ ಜಾಗಕ್ಕೆ ಅವರಿಲ್ಲದೆ ನಾನೊಬ್ಬನೇ ಹೋಗಿದ್ದು ಇದೇ ಮೊದಲು.

ಕೂಪು ಕೈಬೆರಳು ಅಗಲಿಸಿದ ಹಾಗಿದೆ. ಮೂರು ದಿಣ್ಣೆ, ನಡುವೆ ಎರಡು ಹಳ್ಳ, ಹಳ್ಳದಲ್ಲಿ ಆಲ್ಡರ್ ಮರ. ಸಸಿಯ ಸುತ್ತು ಎಣಿಸಿದೆ, ಐದು. ಕಡಿದ ನಾಟಾ ಒಟ್ಟುತ್ತಿದ್ದ ಸಮತಟ್ಟು ಜಾಗ ಮೇಲ್ಗಡೆ ಇದೆ, ಲ್ಯಾಂಡಿಂಗ್ ಅಂತಾರೆ. ಅಲ್ಲಿಂದ ಎರಡು ದಿಣ್ಣೆ ಕಾಣುತ್ತೆ. ಫೈರ್‌ವೀಡ್ ಬೀಜದ ಬಿಳಿ ಹತ್ತಿ ಮಳೆಗೆ ನೆನೆದು ಕಡ್ಡಿಗೆ ಅಂಟಿಕೊಂಡಿತ್ತು.

ಹಳ್ಳದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಬ್ಲ್ಯಾಕ್‌ಬೆರಿ ಕುಡಿಗಳನ್ನ ಒಂದೊಂದಾಗಿ ನೋಡಿದೆ. ತುದಿ ಕತ್ತರಿಸಿದ್ದವು. ಇಲ್ಲಿ ಗುರುತು ಹಿಡಿಯಬೇಕು. ಕತ್ತರಿ ಹಾಕಿದ ಹಾಗೆ ನುಣ್ಣಗೆ ಓರೆಯಾಗಿದ್ದರೆ ಅದು ಮೊಲ ಅಥವಾ ಬಿಲದ ಪ್ರಾಣಿ. ಜಿಂಕೆಗೆ ಮೇಲಿನ ಮುಂಭಾಗದಲ್ಲಿ ಹಲ್ಲಿಲ್ಲ, ಹಿಡಿದು ಎಳೆದು ಕೀಳುತ್ತೆ. ತುದಿ ಸೀಳಿಕೊಂಡು ನಾರುನಾರು ಆಗಿರುತ್ತೆ. ಇವೆಲ್ಲ ನಾರುನಾರಾಗಿದ್ದವು. ಒಂದನ್ನ ಚಿವುಟಿ ನೋಡಿದೆ. ಒಳಗೆ ಇನ್ನೂ ಹಸಿ. ನಿನ್ನೆ ರಾತ್ರಿಯದೋ, ಬೆಳಗಿನ ಜಾವದ್ದೋ. ಹತ್ತು ಹೆಜ್ಜೆ ಆಚೆ ಒಂದು ಎಳೆ ಆಲ್ಡರಿನ ತೊಗಟೆ ಮೊಣಕಾಲೆತ್ತರದಲ್ಲಿ ಸುಲಿದಿತ್ತು. ಕೊಂಬು ಉಜ್ಜಿದ್ದು. ಗಾಯ ಇನ್ನೂ ಕಿತ್ತಳೆ ಬಣ್ಣ. ನವೆಂಬರ್ ಬಂದರೆ ಬೆದೆ ಕಾಲ, ಹೋರಿ ಆಗಲೇ ತಯಾರಿ ನಡೆಸಿದೆ.

ನನಗೆ ಎದೆ ಹೊಡೆದುಕೊಂಡಿತು. ಪಕ್ಕಕ್ಕೆ ತಿರುಗಿ "ನೋಡಿ" ಅಂದೆ. ಪಕ್ಕದಲ್ಲಿ ಯಾರೂ ಇರಲಿಲ್ಲ.

ಆ ಸುಲಿದ ತೊಗಟೆಯ ಒಂದು ಚೂರು ನೆಲದಲ್ಲಿ ಬಿದ್ದಿತ್ತು, ಜೇಬಿಗೆ ಹಾಕಿಕೊಂಡು ಬಂದೆ. ಕೀಳಲಿಲ್ಲ, ಬಿದ್ದದ್ದನ್ನೇ ತಂದೆ. ಟ್ರಕ್ಕಿನ ಕಿಟಕಿಯಿಂದ ಕೊಟ್ಟೆ. ಅಜ್ಜ ಕನ್ನಡಕ ಮೇಲೆ ಮಾಡಿ ನೋಡಿದರು, ಮೂಸಿದರು. ಉಗುರಿನಿಂದ ಒಳಮೈ ಕೆರೆದರು.

"ಎರಡು ದಿನ ಆಗಿರಬಹುದು. ಗಾಳಿ?"

"ಬೆಳಿಗ್ಗೆ ಹಳ್ಳದ ಕಡೆ ಇಳೀತಾ ಇತ್ತು."

"ಹಾಗಾದರೆ ಕೆಳಗಿನಿಂದ ಹೋಗು, ಬೆಳಕು ಹರಿಯೋಕೆ ಮುಂಚೆ. ಬಿಸಿಲು ಏರಿದ ಮೇಲೆ ಗಾಳಿ ಮೇಲಕ್ಕೆ ಹತ್ತುತ್ತೆ, ಆಗ ಲ್ಯಾಂಡಿಂಗಿಗೆ ಬಂದುಬಿಡು. ಅದು ಎಲ್ಲೂ ಹೋಗಲ್ಲ. ಹುಟ್ಟಿದ ಜಾಗದ ಸುತ್ತಮುತ್ತಲೇ ಆಯಸ್ಸು ಕಳೆಯೋ ಪ್ರಾಣಿ."

"ನೀವು?"

"ನಾನು ಇಲ್ಲಿ ಕಾಫಿ ಕುಡೀತೀನಿ."

ನಕ್ಕರು. ನನಗೆ ನಗು ಬರಲಿಲ್ಲ. ಆ ತೊಗಟೆ ಚೂರನ್ನ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟರು. ಮನೆಗೆ ಬರೋವರೆಗೂ ಅದು ಅಲ್ಲೇ ಅತ್ತಿಂದಿತ್ತ ಜಾರುತ್ತಿತ್ತು.

ಬಂದವನು ಗಟಾರದ ಎಲೆ ತೆಗೆದೆ, ಪುಟ್ಟಿಗೆ ಗಣಿತ ಹೇಳಿಕೊಟ್ಟೆ, ನಾಳೆ ಒಂಬತ್ತಕ್ಕೆ ಮೀಟಿಂಗ್ ಇದೆ. ಇವಳು ಸಾರು ಬಿಸಿ ಮಾಡಿಟ್ಟಿದ್ದಾಳೆ, ಇನ್ನೂ ಉಂಡಿಲ್ಲ.

ನಾಲ್ಕನೆಯ ಜಾಗದ ವಿಷಯ ಬರೆದಿಲ್ಲ. ಅದು ಅಷ್ಟೇನೂ ಒಳ್ಳೆಯದಲ್ಲ. ಕೂಪು ಚಿಕ್ಕದು, ಸಸಿಗೆ ಎಂಟು ಸುತ್ತು, ಆಗಲೇ ಮುಚ್ಚಿಕೊಳ್ಳುತ್ತಾ ಇದೆ. ಇನ್ನೊಂದು, ಹೆಚ್ಚೆಂದರೆ ಎರಡು ವರ್ಷ. ಹಿಕ್ಕೆ ಕಂಡೆ, ಹಳೆಯದು. ರಸ್ತೆ ಹತ್ತಿರ, ಬೇರೆಯವರೂ ಬಂದು ಹೋಗುತ್ತಾರೆ, ಖಾಲಿ ತೋಟಾ ಬಿದ್ದಿದ್ದವು. ಅಜ್ಜನೇ ಬೇಡ ಅಂದರು. ನಾನೂ ಹೂಂ ಅಂದಿದ್ದೆ.

ಆದರೆ ಅಲ್ಲಿಗೆ ಗೇಟಿಲ್ಲ. ಲ್ಯಾಂಡಿಂಗಿನವರೆಗೆ ಟ್ರಕ್ಕು ಹೋಗುತ್ತೆ. ಅಲ್ಲಿಂದ ಇಪ್ಪತ್ತು ಹೆಜ್ಜೆ ಒಳಗೆ ಒಂದು ಬೊಡ್ಡೆ ಇದೆ, ನಮ್ಮ ಹಳೇದರಷ್ಟು ದೊಡ್ಡದಲ್ಲ, ಒಬ್ಬರು ಕೂರಬಹುದು. ಪಕ್ಕದಲ್ಲಿ ಮಡಚುವ ಕುರ್ಚಿ ಹಾಕಿಕೊಂಡರೆ ಇಬ್ಬರು. ಶನಿವಾರ ಮಳೆ ಸ್ವಲ್ಪ ಬಿಟ್ಟರೆ, ಬೆಳಕು ಹರಿಯುವಾಗ ಎದುರಿನ ದಿಣ್ಣೆ ನೋಡುತ್ತಾ ಇಬ್ಬರೂ ಕೂರಬಹುದು.