ಮನೆಯಲ್ಲಿ ಐದನೆಯ ತರಗತಿಯ ಗಣಿತ: ಜೂನ್‌ನಿಂದ ಫೆಬ್ರವರಿಯವರೆಗಿನ ಟಿಪ್ಪಣಿ

ಜೂನ್, ಮೊದಲ ವಾರ

ಮಗಳಿಗೆ ಹತ್ತು ತುಂಬಿತು. ಶಾಲೆ ಬಿಡಿಸಿ ಮನೆಯಲ್ಲೇ ಕಲಿಸತೊಡಗಿ ಇದು ಎರಡನೆಯ ವರ್ಷ. ಕಳೆದ ವರ್ಷ ಉಳಿದೆಲ್ಲ ವಿಷಯಗಳು ಚೆನ್ನಾಗಿಯೇ ಸಾಗಿದವು, ಗಣಿತದಲ್ಲಿ ಮಾತ್ರ ಎಡವಿದೆವು. ಮಳೆಗಾಲವೆಲ್ಲ ನಿಧಾನವಾಗಿ ನಡೆದು ಫೆಬ್ರವರಿಗೆ ಬಂದಾಗ ಅರ್ಧ ಪುಸ್ತಕ ಹಾಗೇ ಉಳಿದಿತ್ತು. ಅದನ್ನು ಎರಡು ತಿಂಗಳಲ್ಲಿ ಓಡಿಸಿದೆ. ಅವಳು ಲೆಕ್ಕ ಮಾಡಿದಳು, ಆದರೆ ಮೇ ತಿಂಗಳಲ್ಲಿ ಕೇಳಿದಾಗ ಒಂದೂ ನೆನಪಿರಲಿಲ್ಲ. ಆದ್ದರಿಂದ ಈ ಸಲ ವರ್ಷವನ್ನು ಮೊದಲೇ ಅಳೆದು ಇಟ್ಟುಕೊಳ್ಳುತ್ತಿದ್ದೇನೆ.

ಜೂನ್ ಆರಂಭದಿಂದ ಮಾರ್ಚ್ ಕೊನೆಯವರೆಗೆ ಸುಮಾರು 43 ವಾರ. ದಸರೆಗೆ ಎರಡು ವಾರ, ಮನೆಯಲ್ಲಿ ಕೊಬ್ಬರಿ ಸುಲಿಯುವ ಹೊತ್ತಿಗೆ ಒಂದು ವಾರ ಕಳೆದರೆ 40. ವಾರಕ್ಕೆ ನಾಲ್ಕು ದಿನ, ದಿನಕ್ಕೆ ಮುಕ್ಕಾಲು ಗಂಟೆ ಎಂದರೆ ವಾರಕ್ಕೆ ಮೂರು ಗಂಟೆ, ವರ್ಷಕ್ಕೆ 120 ಗಂಟೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಒಂದರಿಂದ ಐದನೆಯ ತರಗತಿಯವರೆಗೆ ಶಾಲೆಗಳಿಗೆ ಹೇಳಿರುವುದು ವರ್ಷಕ್ಕೆ 200 ದಿನ, 800 ಗಂಟೆ, ಅದೂ ಎಲ್ಲ ವಿಷಯಗಳೂ ಸೇರಿ. ಎದುರಿಗೆ ಒಂದೇ ಮಗು ಕುಳಿತಿರುವಾಗ ಗಣಿತಕ್ಕೇ 120 ಗಂಟೆ ಎಂಬುದು ಕಡಿಮೆ ಸಮಯವಲ್ಲ.

ಪುಸ್ತಕ ರಾಜ್ಯ ಪಠ್ಯಕ್ರಮದ್ದೇ, ಎರಡು ಭಾಗ. ಮುಂದೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ 'ಬಿ' ಹಂತದ ಪರೀಕ್ಷೆಗೆ ಕಟ್ಟಿಸಬೇಕೆಂದಿದ್ದೇನೆ. ಅದು ಐದನೆಯ ತರಗತಿಗೆ ಸಮ. ಆದರೆ ಪುಸ್ತಕದ ಅನುಕ್ರಮವನ್ನೇ ಹಿಡಿದು ಹೋಗುವುದಿಲ್ಲ. ಗುಣಾಕಾರ, ಭಾಗಾಕಾರ ಗಟ್ಟಿಯಾಗುವವರೆಗೆ ಭಿನ್ನರಾಶಿಯನ್ನು ಮುಟ್ಟುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ಸಮಛೇದ ಮಾಡುವಾಗ, ಅಂದರೆ ಭಿನ್ನರಾಶಿಗಳ ಕೆಳಗಿನ ಅಂಕಿಗಳನ್ನು ಒಂದೇ ಮಾಡುವಾಗ, ಮಗ್ಗಿಗೆ ತಡಕಾಡುವ ಮಗುವಿಗೆ ಭಿನ್ನರಾಶಿ ಕಾಣುವುದೇ ಇಲ್ಲ, ಮಗ್ಗಿ ಮಾತ್ರ ಕಾಣುತ್ತದೆ.

40 ವಾರಕ್ಕೂ ಪಾಠ ತುಂಬಿಸಿ ಗೋಡೆಗೆ ಅಂಟಿಸಿದೆ.

ಜುಲೈ ಕೊನೆ

ಅಂಟಿಸಿದ ಹಾಳೆಯನ್ನು ಇವತ್ತು ಕಿತ್ತು ತೆಗೆದೆ. ಎಂಟು ವಾರ ಮುಗಿದಿವೆ, ನಾವು ಐದನೆಯ ವಾರದ ಪಾಠದಲ್ಲಿದ್ದೇವೆ. ಒಮ್ಮೆ ಜ್ವರ, ಒಮ್ಮೆ ನೆಂಟರ ಮದುವೆ, ಇನ್ನೊಮ್ಮೆ ಮೂರು ದಿನ ಕರೆಂಟ್ ಇಲ್ಲ. ಪಾಠದ ತಪ್ಪು ಒಂದೂ ಇಲ್ಲ. ತಪ್ಪಿರುವುದು ಹಾಳೆಯಲ್ಲಿ: ಅದರಲ್ಲಿ ಒಂದು ದಿನವೂ ಖಾಲಿ ಇರಲಿಲ್ಲ.

ಹೊಸ ಹಾಳೆಯಲ್ಲಿ ಪ್ರತಿ ನಾಲ್ಕು ವಾರದ ಪಾಠಕ್ಕೆ ಒಂದು ಬರಿದಾದ ವಾರ. ಉಳಿದ 32 ವಾರದಲ್ಲಿ ಆರನ್ನು ಹೀಗೆ ಬಿಟ್ಟೆ. ಆ ವಾರಗಳಲ್ಲಿ ಹಿಂದುಳಿದದ್ದನ್ನು ಮುಗಿಸುವುದು, ಹಿಂದುಳಿದಿಲ್ಲವಾದರೆ ಒಗಟಿನ ಲೆಕ್ಕ. ಜೊತೆಗೆ ನೋಟ್‌ಬುಕ್ಕಿನಲ್ಲಿ ಎರಡು ಕಲಂ ಎಳೆದಿದ್ದೇನೆ: "ಅಂದುಕೊಂಡದ್ದು", "ಹಿಡಿದದ್ದು". ಕೋನಗಳಿಗೆ ಎರಡು ವಾರ ಅಂದುಕೊಂಡಿದ್ದೆ, ನಾಲ್ಕೇ ದಿನ ಹಿಡಿಯಿತು. ಬಾಗಿಲು ತೆರೆಯುತ್ತ, ಗಡಿಯಾರದ ಮುಳ್ಳು ತಿರುಗಿಸುತ್ತ ಅವಳೇ ಮುಗಿಸಿಬಿಟ್ಟಳು.

ಸೆಪ್ಟೆಂಬರ್

ಭಾಗಾಕಾರಕ್ಕೆ ಮೂರು ವಾರ ಅಂದುಕೊಂಡಿದ್ದೆ. ಆರನೆಯ ವಾರ ನಡೆಯುತ್ತಿದೆ.

ಅವಳ ಪುಟವನ್ನು ಎದುರಿಗಿಟ್ಟುಕೊಂಡು ಬರೆಯುತ್ತಿದ್ದೇನೆ. 618 ÷ 6. ಆರೊಂದ್ಲಿ ಆರು, ಮೇಲೆ 1. ಕೆಳಗೆ 1 ಇಳಿಸಿದಳು, ಆರು ಹೋಗುವುದಿಲ್ಲ, ಹಾಗಾಗಿ 8ನ್ನೂ ಇಳಿಸಿದಳು. ಆರ್ಮೂರ್ಲಿ ಹದಿನೆಂಟು, ಮೇಲೆ 3. ಭಾಗಲಬ್ಧ 13, ಶೇಷ ಸೊನ್ನೆ. ಎಲ್ಲವೂ ಓರಣವಾಗಿದೆ, ಶೇಷವೂ ಸೊನ್ನೆಯಾಗಿದೆ, ಅದರಿಂದ ಅವಳಿಗೆ ಪೂರ್ತಿ ನಂಬಿಕೆ.

ನಾನು ತಪ್ಪು ಎನ್ನಲಿಲ್ಲ. ಹಿಂದಿನ ದಿನ ಸೀಳಿಟ್ಟಿದ್ದ ತೆಂಗಿನ ಗರಿಯ ಕಡ್ಡಿಗಳನ್ನು ತಂದೆ. ಹತ್ತು ಕಡ್ಡಿಗೆ ಒಂದು ದಾರ, ಅಂಥ ಹತ್ತು ಕಟ್ಟಿಗೆ ಒಂದು ದೊಡ್ಡ ಕಟ್ಟು. ಆರು ದೊಡ್ಡ ಕಟ್ಟು, ಒಂದು ಚಿಕ್ಕ ಕಟ್ಟು, ಎಂಟು ಬಿಡಿ ಕಡ್ಡಿ. ಆರು ತಟ್ಟೆ ಇಟ್ಟೆವು. ದೊಡ್ಡ ಕಟ್ಟು ತಟ್ಟೆಗೊಂದು ಬಂದಿತು. ಚಿಕ್ಕ ಕಟ್ಟನ್ನು ಕೈಯಲ್ಲಿ ಹಿಡಿದು ತಟ್ಟೆಗಳನ್ನು ನೋಡಿದಳು.

"ಇದು ಯಾರಿಗೂ ಬರುವುದಿಲ್ಲ, ಅಮ್ಮ. ಬಿಚ್ಚಬೇಕು."

"ಬಿಚ್ಚು. ಅದಕ್ಕೆ ಮೊದಲು ಹೇಳು, ಈಗ ಪ್ರತಿಯೊಬ್ಬರಿಗೂ ಹತ್ತರ ಕಟ್ಟು ಎಷ್ಟು ಸಿಕ್ಕಿತು?"

"ಒಂದೂ ಇಲ್ಲ."

"ಆ ಒಂದೂ ಇಲ್ಲ ಎನ್ನುವುದನ್ನು ಎಲ್ಲಿ ಬರೆದೆ?"

ಪುಟವನ್ನು ನೋಡಿ, ಪೆನ್ಸಿಲ್ ತೆಗೆದು, 1ಕ್ಕೂ 3ಕ್ಕೂ ನಡುವೆ ಜಾಗ ಸಾಲದೆ ಬಹಳ ಪುಟ್ಟದಾಗಿ ಒಂದು ಸೊನ್ನೆ ಸೇರಿಸಿದಳು. ಆ ಸೊನ್ನೆಗಾಗಿ ಹೆಚ್ಚುವರಿ ಮೂರು ವಾರ ಕೊಟ್ಟಿದ್ದಕ್ಕೆ ನನಗೆ ಏನೇನೂ ಬೇಸರವಿಲ್ಲ. ಅಂದಿನಿಂದ ಭಾಗಿಸುವ ಮೊದಲು ಉತ್ತರ ನೂರಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಬಾಯಲ್ಲಿ ಹೇಳಿಯೇ ಶುರು ಮಾಡಬೇಕೆಂದು ಒಪ್ಪಂದ ಮಾಡಿಕೊಂಡಿದ್ದೇವೆ.

ಇದೇ ತಿಂಗಳು ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಜೂನ್‌ನಲ್ಲೇ ಮುಗಿದಿದ್ದ ವ್ಯವಕಲನದ ಒಂದು ಲೆಕ್ಕವನ್ನು ಸುಮ್ಮನೆ ಕೊಟ್ಟೆ: 5000 − 1876. ಉತ್ತರ 4876 ಎಂದು ಬಂತು. ಸೊನ್ನೆಯಿಂದ ಆರು ಹೋಗದಿದ್ದರೆ ಆರನ್ನೇ ಇಳಿಸಿಬಿಡುವುದು, ಹತ್ತರ, ನೂರರ ಸ್ಥಾನದಲ್ಲೂ ಹಾಗೆಯೇ. ಜೂನ್‌ನಲ್ಲಿ ಇದನ್ನೇ ಸರಿಯಾಗಿ, 3124 ಎಂದು ಮಾಡಿದ್ದಳು. ಅಂದರೆ ಪಾಠ "ಮುಗಿಯಿತು" ಎಂದು ಹಾಳೆಯಲ್ಲಿ ಗುರುತು ಹಾಕಿದ್ದು ನಾನು, ಅವಳಲ್ಲ.

ಈಗ ಪ್ರತಿದಿನ ಮೊದಲ ಹತ್ತು ನಿಮಿಷ ಐದು ಲೆಕ್ಕ: ಎರಡು ಈ ವಾರದ್ದು, ಎರಡು ಹೋದ ತಿಂಗಳದ್ದು, ಒಂದು ಅದಕ್ಕೂ ಹಿಂದಿನದು. ಹೊಸ ಪಾಠಕ್ಕೆ 35 ನಿಮಿಷ ಮಾತ್ರ ಉಳಿಯುತ್ತದೆ. ಇರಲಿ. ಒಂದು ಪಾಠದಿಂದ ಮುಂದಕ್ಕೆ ಹೋಗಲು ಕೂಡ ಅಳತೆ ಬದಲಾಯಿಸಿದೆ. ಐದರಲ್ಲಿ ನಾಲ್ಕು ಸರಿ ಬರಬೇಕು, ನಾಲ್ಕು ದಿನ ಬಿಟ್ಟು ಇನ್ನೊಮ್ಮೆ ಕೊಟ್ಟಾಗಲೂ ಬರಬೇಕು, ಆಮೇಲೆ ಅಜ್ಜಿಗೆ ಅರ್ಥವಾಗುವಂತೆ ಹೇಳಬೇಕು.

ಅಕ್ಟೋಬರ್: ದಸರೆ ರಜೆ. ಪುಸ್ತಕ ತೆರೆಯಲಿಲ್ಲ. ಬೊಂಬೆಯ ಮೆಟ್ಟಿಲುಗಳ ಉದ್ದ, ಎತ್ತರ ಅಳೆದು ಬಟ್ಟೆ ಕತ್ತರಿಸಿದ್ದು ಅವಳೇ.

ನವೆಂಬರ್, ಡಿಸೆಂಬರ್

ಭಿನ್ನರಾಶಿ. ಐದು ವಾರ ಅಂದುಕೊಂಡಿದ್ದೆ, ಏಳು ಹಿಡಿಯಿತು. ಎರಡು ಬರಿದಾದ ವಾರಗಳು ಇದಕ್ಕೇ ಹೋದವು.

ಮೊದಲ ವಾರ ಪುಸ್ತಕದಲ್ಲಿ ಬಣ್ಣ ಹಚ್ಚಿದ ವೃತ್ತಗಳಲ್ಲಿ ಕಳೆಯಿತು. ವೃತ್ತದಲ್ಲಿ ಎಲ್ಲ ಸರಿ, ಅಂಕಿಗೆ ಬಂದರೆ ಎಲ್ಲ ತಪ್ಪು. 1/4 + 1/16 ಕೊಟ್ಟರೆ 2/20. ಆಗ ಅತ್ತೆಯವರು ಅಟ್ಟದಿಂದ ತಮ್ಮ ಹಳೆಯ ಅಳತೆಗಳನ್ನು ಇಳಿಸಿ ಕೊಟ್ಟರು: ಸೇರು, ಅಚ್ಚೇರು, ಪಾವು, ಚಟಾಕು. ನಮ್ಮದು ತಿಪಟೂರು ಕಡೆ, ಈ ಹೆಸರುಗಳು ಮನೆಯಲ್ಲಿ ಇನ್ನೂ ಬಳಕೆಯಲ್ಲಿವೆ. ನಾಲ್ಕು ಚಟಾಕಿಗೆ ಒಂದು ಪಾವು, ಎರಡು ಪಾವಿಗೆ ಅಚ್ಚೇರು, ನಾಲ್ಕು ಪಾವಿಗೆ ಸೇರು. ಅಂದರೆ ಪಾವು ಸೇರಿನ ಕಾಲು ಭಾಗ, ಚಟಾಕು ಹದಿನಾರನೆಯ ಒಂದು.

"ಕಂದ, ಒಂದು ಪಾವು ಅಕ್ಕಿಗೆ ಇನ್ನೊಂದು ಚಟಾಕು ಹಾಕು. ಈಗ ಸೇರಿನಲ್ಲಿ ಎಷ್ಟಾಯಿತು?" ಎಂದು ಅಜ್ಜಿ ಕೇಳಿದರು.

ಮಗಳು ನೋಟ್‌ಬುಕ್ಕಿನ 2/20 ತೋರಿಸಿದಳು. "ಇಪ್ಪತ್ತರಲ್ಲಿ ಎರಡು ಎಂದರೆ ಹತ್ತರಲ್ಲಿ ಒಂದು. ಪಾವಿಗಿಂತ ಕಡಿಮೆ ಆಗಿಹೋಯಿತಲ್ಲ, ಅಕ್ಕಿ ಹಾಕಿದ ಮೇಲೆ?" ಎಂದೆ ನಾನು. ಅವಳು ಪಾವಿನ ಅಕ್ಕಿಯನ್ನು ಮೊರಕ್ಕೆ ಸುರಿದು ಚಟಾಕಿನಿಂದ ಅಳೆಯತೊಡಗಿದಳು. ನಾಲ್ಕು. ಅದರ ಜೊತೆ ಇನ್ನೊಂದು. ಐದು.

"ಪಾವನ್ನೂ ಚಟಾಕು ಮಾಡಿಬಿಟ್ಟರೆ ಎರಡೂ ಒಂದೇ ಜಾತಿ ಆಗುತ್ತವೆ, ಅಮ್ಮ. ಹದಿನಾರರಲ್ಲಿ ಐದು!"

ಸಮಛೇದ ಎಂಬ ಮಾತನ್ನು ನಾನು ಹೇಳಿಕೊಟ್ಟದ್ದು ಅದಾದ ಮೇಲೆ. ಹಿಂದಿನ ಕಾಲದ ಮಕ್ಕಳು ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳನ್ನೂ ಬಾಯಿಪಾಠ ಮಾಡುತ್ತಿದ್ದರು. ಅವುಗಳ ಬೆನ್ನಿಗೆ ಇಂಥ ಪಾತ್ರೆಗಳಿದ್ದವು ಎಂಬುದು ಅಕ್ಕಿ ಅಳೆಯುವಾಗ ನನಗೇ ಹೊಳೆಯಿತು.

ಈ ಅಳತೆಗಳಿಗೆ ಒಂದು ಮಿತಿಯಿದೆ. ಎಲ್ಲವೂ ಅರ್ಧದ ಅರ್ಧಗಳಾದ್ದರಿಂದ ಮೂರನೆಯ ಒಂದು ಅವುಗಳಲ್ಲಿ ಸಿಗುವುದಿಲ್ಲ. 1/2 + 1/3 ಬಂದಾಗ 12 ಸೆಂಟಿಮೀಟರ್ ಉದ್ದದ ಕಾಗದದ ಪಟ್ಟಿಗಳನ್ನು ಕತ್ತರಿಸಿದೆವು. ಅರ್ಧ ಎಂದರೆ 6, ಮೂರನೆಯ ಒಂದು ಎಂದರೆ 4, ಸೇರಿ 12ರಲ್ಲಿ 10, ಅಂದರೆ 5/6. ಎರಡನ್ನೂ ಒಂದೇ ಜಾತಿಗೆ ತರಬೇಕು ಎಂಬುದು ಅವಳಿಗೆ ಆಗಲೇ ಗೊತ್ತಿದ್ದರಿಂದ ಪಟ್ಟಿಯ ಕೆಲಸ ಎರಡೇ ದಿನದಲ್ಲಿ ಮುಗಿಯಿತು.

ಜನವರಿ

ಸುತ್ತಳತೆ, ವಿಸ್ತೀರ್ಣ, ಕಾಲ, ಹಣ ಎಲ್ಲವೂ ಅಂದುಕೊಂಡದ್ದಕ್ಕಿಂತ ಬೇಗ ಮುಗಿದವು. ಭಾಗಾಕಾರಕ್ಕೆ ಕೊಟ್ಟ ಆರು ವಾರ ಈಗ ಮರಳಿ ಬರುತ್ತಿದೆ. ಮೊದಲಾಗಿದ್ದರೆ ಒಂದು ತಾಸು ಎಳೆಯುತ್ತಿದ್ದ ಪುಟವನ್ನು ಇಪ್ಪತ್ತು ನಿಮಿಷದಲ್ಲಿ ಮುಗಿಸಿ ತೋಟಕ್ಕೆ ಓಡುತ್ತಾಳೆ. ಬೆಳಗಿನ ಐದು ಲೆಕ್ಕಗಳಲ್ಲಿ ಹಳೆಯದನ್ನು ಕಂಡರೆ "ಇದು ಜೂನ್‌ದು" ಎಂದು ಗುರುತಿಸುತ್ತಾಳೆ, ಸರಿಯಾಗಿಯೂ ಮಾಡುತ್ತಾಳೆ.

ಫೆಬ್ರವರಿ, ಎರಡನೆಯ ವಾರ

ಏಳು ವಾರ ಉಳಿದಿವೆ. ದಶಮಾಂಶಕ್ಕೆ ಮೂರು, ದತ್ತಾಂಶಕ್ಕೆ ಒಂದು, ಸಮಮಿತಿ ಮತ್ತು ಮೂರು ಆಯಾಮದ ಆಕೃತಿಗಳಿಗೆ ಎರಡು, ಬರಿದಾದದ್ದು ಒಂದು. ದತ್ತಾಂಶಕ್ಕೆ ಅಟ್ಟದ ಮೇಲೆ ಕೊಬ್ಬರಿಗೆಂದು ಇಟ್ಟಿರುವ ಕಾಯಿಗಳೇ ಸಾಕು. ಯಾವ ತಿಂಗಳ ಕೊಯ್ಲಿನಲ್ಲಿ ಎಷ್ಟು ಏರಿಸಿದೆವು ಎಂದು ಅವಳ ಅಪ್ಪ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿಟ್ಟಿದ್ದಾರೆ. ಅದನ್ನು ಸ್ತಂಭಾಲೇಖ ಮಾಡುವುದು ಅವಳ ಕೆಲಸ.

ದಶಮಾಂಶದ ಮೊದಲ ಪ್ರಶ್ನೆಯನ್ನು ನಿನ್ನೆ ಸುಮ್ಮನೆ ಕೇಳಿ ನೋಡಿದೆ: 2.5 ದೊಡ್ಡದೋ 2.45 ದೊಡ್ಡದೋ? "2.45. ನಲವತ್ತೈದು ಐದಕ್ಕಿಂತ ದೊಡ್ಡದಲ್ಲವೇ?" ಎಂದಳು. ತಿದ್ದಲಿಲ್ಲ. ಉತ್ತರವನ್ನು ದಿನಾಂಕ ಹಾಕಿ ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದುಕೊಂಡಿದ್ದೇನೆ. ಕೊಬ್ಬರಿ ತೂಗುವ ತಕ್ಕಡಿಯನ್ನು ಒರೆಸಿ ಜಗಲಿಗೆ ತಂದಿಟ್ಟಿದ್ದಾಗಿದೆ. ಸೋಮವಾರ ಎರಡೂವರೆ ಕಿಲೋ ಕೊಬ್ಬರಿಯನ್ನು ಒಂದು ತಟ್ಟೆಗೆ, ಎರಡು ಕಿಲೋ 450 ಗ್ರಾಂನಷ್ಟನ್ನು ಇನ್ನೊಂದಕ್ಕೆ ಅವಳೇ ಹಾಕುತ್ತಾಳೆ.