ಭಾಗಮಂಡಲದ ಮಳೆಯಲ್ಲಿ ಹವಳದ ಹಾವು

ತಲಕಾವೇರಿಗೆ ಹೋಗಿದ್ದು ಬೆಟ್ಟ ನೋಡೋಕೆ. ಜುಲೈನಲ್ಲಿ ಹೋದರೆ ಬೆಟ್ಟ ಎಲ್ಲಿ ಕಾಣಬೇಕು? 1,276 ಮೀಟರ್ ಎತ್ತರಕ್ಕೆ ಹತ್ತಿ ನೋಡಿದ್ದು ಬರೀ ಮಂಜು. ಗಾಳಿಗೆ ಕೊಡೆ ಎರಡು ಸಲ ಮಗುಚಿತು. ನಡುಗುತ್ತಾ ಭಾಗಮಂಡಲಕ್ಕೆ ಇಳಿದು, ಹತ್ತಿರದ ಕಾಫಿ ತೋಟದ ಹೋಂಸ್ಟೇಗೆ ಬಂದು ಬಿದ್ದೆವು.

ಸಂಜೆ ಮಳೆ ಸ್ವಲ್ಪ ಬಿಟ್ಟಿತ್ತು. ಜಗಲಿಯಲ್ಲಿ ಕೂತು ಕಾಲಿಗೆ ಹತ್ತಿದ ಜಿಗಣೆ ಕೀಳುತ್ತಿದ್ದೆ. ತೋಟದಿಂದ ಬಂದ ಹೆಂಗಸು ಅಂಗಳದಲ್ಲೇ ನಿಂತು, "ಸಾರ್, ಕಾಲು ಕೆಳಗೆ ಇಡ್ಬೇಡಿ" ಅಂದರು. ಮೆಟ್ಟಿಲ ಬುಡದಲ್ಲಿ, ಕೊಳೆತ ಎಲೆಗಳ ನಡುವೆ ಏನೋ ಜಾರಿತು. ಕಿರುಬೆರಳಿನಷ್ಟು ದಪ್ಪ. ಎರಡಡಿ ಉದ್ದ ಇದ್ದೀತು. ಕಂದು ಮೈ, ಬೆನ್ನುದ್ದಕ್ಕೂ ಕಪ್ಪು ಗೆರೆಗಳು. ತಲೆ ಎಲ್ಲಿ ಮುಗಿಯಿತು, ಕುತ್ತಿಗೆ ಎಲ್ಲಿ ಶುರುವಾಯಿತು ಅಂತಲೇ ಗೊತ್ತಾಗಲಿಲ್ಲ.

ತೋಟದ ಯಜಮಾನರು ಟಾರ್ಚ್ ಹಿಡಿದು ಬಂದರು. "ಹವಳದ ಹಾವು. ದೂರ ಇರಿ, ವಿಷ ಇದೆ." ನನಗೆ ನಂಬಿಕೆ ಬರಲಿಲ್ಲ. ಹವಳ ಅಂದ ಮೇಲೆ ಕೆಂಪಗಿರಬೇಕು, ಅಲ್ವಾ? ಬೆಳಕು ಬಿದ್ದದ್ದೇ ತಡ, ಹಾವು ತಲೆಯನ್ನು ಎಲೆಯಡಿ ತೂರಿಸಿ, ಬಾಲ ಸುರುಳಿ ಮಾಡಿ ಮಗುಚಿ ತೋರಿಸಿತು. ಅಡಿಭಾಗ ಪೂರ್ತಿ ಕೆಂಪು! ಕುಂಕುಮ ಕಲಸಿ ಬಳಿದ ಹಾಗೆ. ಹೊಡೆಯುವವನ ಕಣ್ಣು ಬಾಲದ ಮೇಲೆ ಬಿದ್ದರೆ ತಲೆ ಉಳಿಯುತ್ತದೆ. ಲೆಕ್ಕಾಚಾರ ಅಷ್ಟೇ.

ಇದು ಪಶ್ಚಿಮ ಘಟ್ಟದ ಹಾವು. 1862ರಲ್ಲಿ ಪ್ರಾಣಿಶಾಸ್ತ್ರಜ್ಞ ಗುಂಥರ್ ಇದಕ್ಕೆ ಕ್ಯಾಲಿಯೋಫಿಸ್ ನೈಗ್ರೆಸೆನ್ಸ್ ಅಂತ ಹೆಸರಿಟ್ಟ. ಕ್ಯಾಲಿಯೋಫಿಸ್ ಅಂದರೆ ಗ್ರೀಕ್ ಭಾಷೆಯಲ್ಲಿ ಚೆಂದದ ಹಾವು. ನಾಗರಹಾವು, ಕಟ್ಟುಹಾವುಗಳ ಕುಟುಂಬದ್ದೇ. ಊಟಕ್ಕೂ ಸಣ್ಣಪುಟ್ಟ ಹಾವುಗಳೇ ಬೇಕು. ಮಣ್ಣು, ತರಗೆಲೆಯ ಅಡಿಯಲ್ಲೇ ಬದುಕು. ಸುಮ್ನೆ ಬಂದು ಕಚ್ಚುವ ಜಾತಿಯಲ್ಲ. ಆದರೆ ಕೈಯಲ್ಲಿ ಹಿಡಿಯುವ ಶೋಕಿ ಬೇಡ. ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಪ್ರತಿವಿಷ ತಯಾರಾಗುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ. ಪಟ್ಟಿಯಲ್ಲಿ ಹವಳ ಇಲ್ಲ.

ಯಜಮಾನರು ಕೋಲು ಎತ್ತಲಿಲ್ಲ. ಟಾರ್ಚ್ ಆರಿಸಿದರು, ಅಷ್ಟೇ. ಮತ್ತೆ ಬೆಳಕು ಬಿಟ್ಟಾಗ ಎಲೆ ಮಾತ್ರ ಇತ್ತು.

ಹತ್ತು ಫೋಟೋ ತೆಗೆದಿದ್ದೆ. ಮೊಬೈಲ್ ಗಾಜಿಗೆ ಮಂಜು ಹಿಡಿದು ಒಂಬತ್ತು ಹಾಳು. ಉಳಿದ ಒಂದರ ಮೂಲೆಯಲ್ಲಿ ಕೆಂಪು ಚುಕ್ಕೆ. ಮನೆಯಲ್ಲಿ ತೋರಿಸಿದರೆ ಅಮ್ಮ ಕೇಳಿದ್ದು, "ಏನೋ ಇದು, ಕಾಫಿ ಹಣ್ಣಾ?" ಜುಲೈನಲ್ಲಿ ಎಲ್ಲಿಯ ಕಾಫಿ ಹಣ್ಣಮ್ಮ!